ಪ್ರತಿಕ್ರಿಯೆ: ಸಿಗ್ನಲ್ ಇಲ್ಲದಲ್ಲಿ ನಕ್ಷೆ

ತೀರ್ಥಹಳ್ಳಿ ಸುತ್ತಲಿನ ಅಡಿಕೆ ತೋಟಗಳ ಆ್ಯಪ್‌ನಲ್ಲಿ ಗೂಗಲ್ ನಕ್ಷೆ ಬಿಟ್ಟು, ಜನರೇ ಸೇರಿ ಮಾಡುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಿ. ದುಡ್ಡಿಗಿಂತ ದೊಡ್ಡ ಕಾರಣ, ಆಗುಂಬೆ ಕಡೆ ಮಳೆಗೆ ಕರೆಂಟು, ಸಿಗ್ನಲ್ ಎರಡೂ ಹೋದಾಗಲೂ ನಕ್ಷೆ ಫೋನಿನಲ್ಲೇ ಇರಬೇಕು. ಗೂಗಲ್‌ನಂಥ ಮುಕ್ತವಲ್ಲದ ಸೇವೆಗಳಲ್ಲಿ ನಕ್ಷೆಯನ್ನು ಫೋನಿನಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಕಂಪನಿಯ ಷರತ್ತು. ಷರತ್ತು ಬದಲಾದರೆ ನಿಮ್ಮ ಕೋಡೂ ಬದಲಾಗಬೇಕು. ಉದಾಹರಣೆಗೆ, 2020ರ ಡಿಸೆಂಬರ್‌ನಲ್ಲಿ ಮ್ಯಾಪ್‌ಬಾಕ್ಸ್ ಎಂಬ ನಕ್ಷೆ ಕಂಪನಿ, ತೆರೆಯ ಮೇಲೆ ನಕ್ಷೆ ಬಿಡಿಸುವ ತನ್ನ ಜಿಎಲ್ ಜೆಎಸ್ ಲೈಬ್ರರಿಯ ಮುಕ್ತ ಪರವಾನಗಿಯನ್ನು ಕೈಬಿಟ್ಟಿತು. ಹಳೆಯ ಕೋಡ್ ಮುಕ್ತವಾಗಿದ್ದರಿಂದಲೇ ಅದರಿಂದ ಮ್ಯಾಪ್‌ಲಿಬ್ರೆ ಎಂಬ ಮುಕ್ತ ಲೈಬ್ರರಿ ಹುಟ್ಟಿತು. ನಿಮ್ಮ ಆ್ಯಪ್‌ನಲ್ಲಿ ನಕ್ಷೆ ಬಿಡಿಸಲು ಅದನ್ನೇ ಬಳಸಿ.

ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ಮಾಡಿದ ನಕ್ಷೆಯನ್ನು ಒಂದೇ ಕಡತವಾಗಿ ಕೊಡುವ ಯೋಜನೆ ಪ್ರೊಟೊಮ್ಯಾಪ್ಸ್. ಅದರ ಪಿಎಂಟೈಲ್ಸ್ ಉಪಕರಣದಲ್ಲಿ, ಬೇಕಾದ ಪ್ರದೇಶವನ್ನಷ್ಟೇ ಕತ್ತರಿಸಿ ಕೊಡುವ ಎಕ್ಸ್‌ಟ್ರಾಕ್ಟ್ ಆದೇಶಕ್ಕೆ ನಿಮ್ಮ ಪ್ರದೇಶದ ಗಡಿಯಾಗಿ 74.9,13.4,75.6,14.0 ಎಂಬ ಚೌಕಟ್ಟು ಕೊಡಿ. ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ತಿರುಗಿಸಿದರೆ ನಕ್ಷೆ ಇನ್ನೆಲ್ಲಿಗೋ ಹೋಗುತ್ತದೆ. ಫಾಂಟ್, ಸ್ಟೈಲ್ ಕಡತಗಳನ್ನೂ ಆ್ಯಪ್‌ಗೆ ಸೇರಿಸಿ, ಇಲ್ಲದಿದ್ದರೆ ಆಫ್‌ಲೈನ್‌ನಲ್ಲಿ ಊರ ಹೆಸರುಗಳೇ ಕಾಣುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಂತ ಟೈಲ್ (ನಕ್ಷೆಯ ಚೌಕ ತುಣುಕು) ಸರ್ವರ್‌ನಿಂದ ಸಾರಾಸಗಟು ಇಳಿಸಿಕೊಳ್ಳಬೇಡಿ, ಅದು ನಿಷಿದ್ಧ. ಕೊಡುಗೆದಾರರ ಹೆಸರಿನ ಸಾಲು ನಕ್ಷೆಯಲ್ಲಿ ಕಡ್ಡಾಯ.

ಒಂದು ತೊಡಕು ನಿಜಕ್ಕೂ ಇದೆ: ಮ್ಯಾಪ್‌ಲಿಬ್ರೆಯ ಕೆಲವು ಆವೃತ್ತಿಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುವುದರಿಂದ ಒತ್ತಕ್ಷರ ಒಡೆಯಬಹುದು, 'ಶಿವಮೊಗ್ಗ'ದ 'ಗ್ಗ' ಸರಿಯಾಗಿ ಕೂರದಿರಬಹುದು. ಹಾಗಾದರೆ ಮುಖ್ಯ ಊರುಗಳ ಹೆಸರನ್ನು ಚಿತ್ರವಾಗಿ ಮಾಡಿ ಐಕಾನ್ ಪದರದಲ್ಲಿ ಇಡಿ. ಕೋಡ್ ತೆರೆದಿರುವುದರಿಂದ ಇದನ್ನು ಕನ್ನಡಿಗರೇ ಸರಿಪಡಿಸಲೂಬಹುದು. ನಿಮಗೆ ಸಿ++ ಬಂದರೆ ದಯವಿಟ್ಟು ಕೈಹಾಕಿ.