ರೂಟರ್ ಒಳಗೆ ನೆಟ್‌ವರ್ಕ್ ನಕ್ಷೆ ಹೇಗಿರುತ್ತದೆ? ಎಲ್ಲರ ಸಾಲು-ಕಾಲಂ ಇರುವ ಮ್ಯಾಟ್ರಿಕ್ಸಾ, ಒಬ್ಬೊಬ್ಬರ ನೆರೆಯವರ ಲಿಸ್ಟಾ? ಯಾವುದಕ್ಕೆ ಜಾಗ ಕಡಿಮೆ ಸಾಕು?

ನಾನೂ ಒಂದು ಕಾಲಕ್ಕೆ ಇದೇ ಮ್ಯಾಟ್ರಿಕ್ಸ್ ಹಿಡಿದು ಕೂತಿದ್ದೆ. ಹುಬ್ಬಳ್ಳಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸ. ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಹೀಗೆ ಸಾಲಾಗಿ ನಮ್ಮ ರೂಟರ್‌ಗಳು. ಯಾವ ಲೈನ್ ಚಾಲೂ ಇದೆ ಎಂದು ತೋರಿಸುವ ಪ್ರೋಗ್ರಾಂ ಬರೆದೆ. ಊರಿಗೊಂದು ಸಾಲು, ಊರಿಗೊಂದು ಕಾಲಂ. ಲೈನ್ ಇದ್ದರೆ 1, ಇಲ್ಲದಿದ್ದರೆ 0.

ಒಂದು ಸಂಜೆ ಅಣ್ಣಿಗೇರಿ ದಾಟಿದ ಮೇಲೆ ರಸ್ತೆ ಅಗೆಯುವವರು ಫೈಬರ್ ಕಡಿದರು. ಅಣ್ಣಿಗೇರಿ ರೂಟರ್ ‘ಗದಗ ಲೈನ್ ಹೋಯಿತು’ ಎಂದು ತಿಳಿಸಿತು. ಅಣ್ಣಿಗೇರಿ ಸಾಲಿನಲ್ಲಿ ಗದಗದ ಕೆಳಗೆ 0 ಬಿತ್ತು. ಆದರೆ ಗದಗ ಸಾಲಿನಲ್ಲಿ ಅಣ್ಣಿಗೇರಿಯ ಕೆಳಗೆ 1 ಹಾಗೇ ಉಳಿಯಿತು. ಗದಗದ ಸುದ್ದಿ ನನಗೆ ಬರಬೇಕಿದ್ದದ್ದೂ ಅದೇ ಕಡಿದ ಫೈಬರ್ ಮೇಲೆ, ಅಲ್ವಾ? ಗಿರಾಕಿಗಳ ಫೋನ್ ಶುರುವಾಯಿತು. ಗದಗದಿಂದ ಹುಬ್ಬಳ್ಳಿಗೆ ದಾರಿ ಕೇಳಿದೆ. ಸ್ಕ್ರೀನ್ ತುಂಬ ಹಸಿರು ಗೆರೆ. ಹಾಗಾದರೆ ತೊಂದರೆ ಊರೊಳಗೇ ಇದೆ ಎಂದುಕೊಂಡು, ಲೈನ್‌ಮನ್‌ಗೆ ಗದಗದ ಕಂಬಗಳನ್ನು ನೋಡಲು ಹೇಳಿದೆ. ಮುಳಗುಂದ ನಾಕಾದಿಂದ ಅವನ ಫೋನ್ ಬಂದಾಗ ರಾತ್ರಿ ಹತ್ತು: “ಸರ, ಇಲ್ಲೆ ಎಲ್ಲಾ ಚೊಲೋ ಐತ್ರಿ.” ಬೆಳಗಿನವರೆಗೂ ನೆಟ್ ಇರಲಿಲ್ಲ. ಆ ತಿಂಗಳೇ ನನ್ನ ಕೆಲಸ ಹೋಯಿತು.

ಒಂದು ಲೈನ್ ಅಂದರೆ ಎರಡು ಹೇಳಿಕೆ. ಈ ತುದಿಯದು ಒಂದು, ಆ ತುದಿಯದು ಇನ್ನೊಂದು. ನಾನು ಒಂದೇ ತುದಿಯ ಹಳೇ ಮಾತು ನಂಬಿದೆ. ರೂಟರ್‌ಗಳು ದಾರಿ ಹುಡುಕಲು ಬಳಸುವ ಓಎಸ್‌ಪಿಎಫ್ ಎಂಬ ನಿಯಮಾವಳಿಯಲ್ಲಿ ಪ್ರತಿ ರೂಟರ್ ತನ್ನ ಪಕ್ಕದವರ ಪಟ್ಟಿಯನ್ನಷ್ಟೇ ಬರೆದು ಎಲ್ಲರಿಗೂ ಹಂಚುತ್ತದೆ. ದಾರಿಯ ಲೆಕ್ಕ ಹಾಕುವಾಗ ಗದಗದ ಪಟ್ಟಿಯಲ್ಲಿ ಅಣ್ಣಿಗೇರಿ ಇದ್ದರೆ ಸಾಲದು, ಅಣ್ಣಿಗೇರಿ ಪಟ್ಟಿಯಲ್ಲೂ ಗದಗ ಇರಬೇಕು. ಇಲ್ಲದಿದ್ದರೆ ಆ ಲೈನ್ ಲೆಕ್ಕಕ್ಕೇ ಇಲ್ಲ. ಆ ನಿಯಮಗಳನ್ನು ಬರೆದಿಟ್ಟ 1998ರ ದಾಖಲೆ ಆರ್‌ಎಫ್‌ಸಿ 2328ರಲ್ಲಿ ಇದು ಸ್ಪಷ್ಟವಾಗಿದೆ. ನಾನು ಓದಿರಲಿಲ್ಲ.

ಜಾಗದ ಪ್ರಶ್ನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1000 ರೂಟರ್‌ಗೆ ಮ್ಯಾಟ್ರಿಕ್ಸ್ ಅಂದರೆ 10 ಲಕ್ಷ ಮನೆ. ತಲಾ ನಾಲ್ಕು ನೆರೆಯವರಿದ್ದರೆ ಲಿಸ್ಟ್‌ನಲ್ಲಿ 4000 ಹೆಸರು. ಲಿಸ್ಟೇ ಸರಿ, ಮುಗಿಯಿತು. ದೊಡ್ಡ ಉಳಿತಾಯ ಇರುವುದು ಬೇರೆ ಕಡೆ. ಒಂದೇ ಸ್ವಿಚ್‌ಗೆ 12 ರೂಟರ್ ಜೋಡಿಸಿದರೆ, ಜೋಡಿಗೊಂದರಂತೆ 66 ಗೆರೆ ಎಳೆಯಬೇಕು. ಓಎಸ್‌ಪಿಎಫ್ ಆ ಸ್ವಿಚ್‌ನ ಇಡೀ ಜಾಲವನ್ನೇ (ಲ್ಯಾನ್) ನಕ್ಷೆಯಲ್ಲಿ ಒಂದು ಚುಕ್ಕಿ ಮಾಡುತ್ತದೆ. ಆಗ 12 ಗೆರೆ ಸಾಕು. ಅಲ್ಲಿ ಯಾರ್ಯಾರಿದ್ದಾರೆ ಎಂದು ಎಲ್ಲರ ಪರವಾಗಿ, ಅವುಗಳಲ್ಲೇ ಆರಿಸಿದ ಒಂದು ರೂಟರ್ (ಡೆಸಿಗ್ನೇಟೆಡ್ ರೂಟರ್) ಬರೆಯುತ್ತದೆ.

ಪ್ರೋಗ್ರಾಂ ಬರೆಯುತ್ತಿದ್ದರೆ ಮೊದಲು ಒಂದು ಲೈನ್‌ನ ಒಂದು ತುದಿಯ ಪಟ್ಟಿಯಿಂದಷ್ಟೇ ಇನ್ನೊಂದು ತುದಿಯ ಹೆಸರು ಅಳಿಸಿ ಓಡಿಸಿ. ಎರಡೂ ದಿಕ್ಕಿನಿಂದ ದಾರಿ ಕೇಳಿ. ಒಂದು ಕಡೆಯಿಂದಲಾದರೂ ಆ ಲೈನ್ ಮೇಲೆ ಹಸಿರು ಗೆರೆ ಬಂದರೆ, ಅಲ್ಲೇ ನಿಲ್ಲಿಸಿ ಅದನ್ನು ಸರಿಮಾಡಿ.