ಬಾರದವರ ಕ್ಯಾರೆಕ್ಟರ್ ಶೀಟನ್ನು ಪೂರ್ತಿ ಯಾರ ಕೈಗೂ ಕೊಡಬೇಡಿ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಡುವ ಆಟ) ಆಡುವಾಗ ರೋಗ್ (ಕಳ್ಳನ ಪಾತ್ರ) ಆಡುವವರು ಬಂದಿರಲಿಲ್ಲ, ಆ ಪಾತ್ರದ ವಿವರವೆಲ್ಲ ಇರುವ ಶೀಟನ್ನು ಫೈಟರ್ (ಯೋಧ) ಆಡುವವರಿಗೆ ಕೊಟ್ಟೆ, ಅವರು ರೋಗ್ ಪಾತ್ರವನ್ನು ಮುಂದೆ ಕಳಿಸಿ ಟ್ರ್ಯಾಪ್‌ನಲ್ಲಿ ಸಾಯಿಸಿದರು, ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಆ ಸಾವನ್ನು ರದ್ದು ಮಾಡಿ. ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರ, ಅದಕ್ಕೆ ಬೇಕಾದ 300 ಗೋಲ್ಡಿನ ವಜ್ರ, ಆ ನಾಟಕವೆಲ್ಲ ಬೇಡ. ರೋಗ್ ಆಡುವವರು ಡೈಸನ್ನೇ ಮುಟ್ಟಿಲ್ಲ, ಸಾಯುವುದು ಹೇಗೆ?

ನಮ್ಮ ಟೇಬಲ್ಲಿನಲ್ಲೂ ಹೀಗೇ ಆಗಿತ್ತು. ಕ್ಲೆರಿಕ್ (ಗಾಯ ವಾಸಿ ಮಾಡುವ ಪುರೋಹಿತನ ಪಾತ್ರ) ಆಡುವವರು ಯಾರದೋ ಮದುವೆಗೆ ಹೋಗಿದ್ದರು. ಶೀಟು ಹಿಡಿದವರು ಸ್ಪೆಲ್ ಸ್ಲಾಟನ್ನೆಲ್ಲ, ಅಂದರೆ ಮಂತ್ರ ಹಾಕುವ ಶಕ್ತಿಯನ್ನೆಲ್ಲ, ತಮ್ಮದೇ ಪಾತ್ರ ಬಾರ್ಬೇರಿಯನ್‌ಗೇ ಸುರಿದರು. ಕ್ಲೆರಿಕ್ ಬಿತ್ತು, ಮೂರು ಡೆತ್ ಸೇವ್ (ಸಾಯದೆ ಉಳಿಯಲು ಹಾಕುವ ಡೈಸ್) ಫೇಲ್, ಸತ್ತೇ ಹೋಯಿತು. ಆಡುವವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೇರೆಯವರ ಕ್ಯಾರೆಕ್ಟರ್ ಕೈಗೆ ಸಿಕ್ಕರೆ ಬಾಡಿಗೆ ಗಾಡಿ ಥರಾನೇ ಓಡಿಸುತ್ತಾರೆ.

ಆಮೇಲೆ ಚೀಟಿ ಶುರು ಮಾಡಿದೆವು. ಪ್ರತಿಯೊಬ್ಬರೂ ಮೊದಲೇ ಒಂದು ಚೀಟಿ ಬರೆದಿಡಬೇಕು. ಎಸಿ (ಏಟು ತಗಲದಂತೆ ಕಾಯುವ ಅಂಕ), ಹಿಟ್ ಪಾಯಿಂಟ್ (ಉಳಿದ ಜೀವ), ಪ್ಯಾಸಿವ್ ಪರ್ಸೆಪ್ಷನ್ (ಸುತ್ತಲಿನದು ಎಷ್ಟು ಗಮನಕ್ಕೆ ಬರುತ್ತದೆ), ಫೈಟಿನಲ್ಲಿ ಮಾಡುವ ಕೆಲಸ. ಅಷ್ಟೇ. ಈಗಿನ ಕ್ಲೆರಿಕ್ ಚೀಟಿಯಲ್ಲಿ ಹೀಗಿದೆ: "ಯಾರಾದರೂ ಬಿದ್ದರೆ ಹೀಲಿಂಗ್ ವರ್ಡ್, ಎರಡೇ ಸಲ. ಇಲ್ಲದಿದ್ದರೆ ಸೇಕ್ರೆಡ್ ಫ್ಲೇಮ್. ಸತ್ತವರ ಜೇಬಿಗೆ ಕೈ ಹಾಕುವುದಿಲ್ಲ." ಹೀಲಿಂಗ್ ವರ್ಡ್ ವಾಸಿ ಮಾಡುವ ಮಂತ್ರ, ಸೇಕ್ರೆಡ್ ಫ್ಲೇಮ್ ಹೊಡೆಯುವ ಮಂತ್ರ. ಚೀಟಿ ಹಿಡಿದವರು ಆ ಪಾತ್ರದ ಪೋಶನ್ (ಔಷಧಿ), ಸ್ಕ್ರೋಲ್ (ಮಂತ್ರದ ಸುರುಳಿ) ಮುಟ್ಟುವಂತಿಲ್ಲ. ಮುಂದೆ ಹೋಗಿ ಬಾಗಿಲು ತೆರೆಯುವಂತಿಲ್ಲ. ಹಿಟ್ ಪಾಯಿಂಟ್ 0 ಆದರೆ ಸ್ಟೇಬಲ್, ಅಂದರೆ ಬಿದ್ದರೂ ಸಾಯುವುದಿಲ್ಲ, ಡೆತ್ ಸೇವ್ ಇಲ್ಲ.

ಚೀಟಿಯನ್ನು ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಆಡಿಸಬಾರದು. ಟ್ರ್ಯಾಪ್ ಎಲ್ಲಿದೆ ಅಂತ ಗೊತ್ತಿರುವವರೇ ರೋಗ್ ಪಾತ್ರವನ್ನು ನಡೆಸಿದರೆ ಚೆನ್ನಾಗಿರುತ್ತಾ? ಹೈ ಲೆವೆಲ್ ವಿಝರ್ಡ್‌ಗೆ (ಮಾಂತ್ರಿಕ) ಚೀಟಿ ಸಾಲದು, ಅವರನ್ನು ಊರಲ್ಲೇ ಬಿಟ್ಟುಬಿಡಿ. ಭಯಾನಕ ರಹಸ್ಯಗಳನ್ನು ಹುಡುಕುವ ಇನ್ನೊಂದು ಆಟ ಕಾಲ್ ಆಫ್ ಕ್ತುಲ್ಹುನಲ್ಲಂತೂ ಚೀಟಿಯೇ ಬೇಡ, ಬಾರದವರ ಪಾತ್ರವನ್ನು ಲೈಬ್ರರಿಗೆ ಕಳಿಸಿದರೆ ಮುಗೀತು. ಇದೆಲ್ಲ ಒಬ್ಬರು ಬರದಿದ್ದರೆ ಮಾತ್ರ. ಇಬ್ಬರು ಬರದಿದ್ದರೆ ಒನ್-ಶಾಟ್ (ಒಂದೇ ಸಲಕ್ಕೆ ಮುಗಿಯುವ ಬೇರೆ ಕಥೆ) ಆಡಿ.

ಡಿ ಅಂಡ್ ಡಿ ಬಿಯಾಂಡ್‌ ವೆಬ್‌ಸೈಟಿನಲ್ಲಿ ಶೀಟು ಇದೆಯಲ್ಲ ಅನ್ನಬೇಡಿ. ಕ್ಯಾರೆಕ್ಟರ್ ಮಾಡಲು ಅದು ಒಳ್ಳೆಯದು. ಪರಿಚಯವಿಲ್ಲದ ಶೀಟನ್ನು ಮೊಬೈಲಿನಲ್ಲಿ ಸ್ಕ್ರೋಲ್ ಮಾಡುತ್ತಾ ಕೂತರೆ ಒಂದು ಟರ್ನ್‌ಗೆ ಕಾಫಿ ಆರಿಹೋಗುತ್ತದೆ. ಆನ್‌ಲೈನ್ ಟೇಬಲ್ ರೋಲ್20ನಲ್ಲಿ ಆಡುವವರು ಟೋಕನ್ (ನಕ್ಷೆಯ ಮೇಲಿನ ಪಾತ್ರದ ಗುರುತು) ಕಂಟ್ರೋಲನ್ನು ಆಟಕ್ಕೆ ಮೊದಲೇ ಬದಲಿಸಿ, ಫೈಟಿನ ಮಧ್ಯೆ ಅಲ್ಲ.

ಇನ್ನೊಂದು, ಬರದವರಿಗೆ ಎಕ್ಸ್‌ಪಿ (ಲೆವೆಲ್ ಏರಲು ಬೇಕಾದ ಅನುಭವದ ಅಂಕ) ಇಲ್ಲ ಅಂತ ಬರೆದಿದ್ದೀರಲ್ಲ, ಅದು ಯಾವ ನ್ಯಾಯ? 6,500 ದಾಟಿದವರು ಲೆವೆಲ್ 5, ಫೈಟರ್‌ಗೆ ಎಕ್ಸ್‌ಟ್ರಾ ಅಟ್ಯಾಕ್, ವಿಝರ್ಡ್‌ಗೆ ಫೈರ್‌ಬಾಲ್ ಮಂತ್ರ. ರೋಗ್ ಮಾತ್ರ ಇನ್ನೂ 4ರಲ್ಲೇ. ಆಮೇಲೆ ಎನ್‌ಕೌಂಟರ್ ಲೆಕ್ಕ (ಯಾವ ಫೈಟಿಗೆ ಎಷ್ಟು ಶತ್ರುಗಳು ಅಂತ) ಹಾಕಿ ತಲೆ ಕೆಡಿಸಿಕೊಳ್ಳುವವರು ನೀವೇ. ಸುಮ್ನೆ ಮೈಲ್‌ಸ್ಟೋನ್ ಮಾಡಿ, ಕಥೆಯ ಒಂದು ಘಟ್ಟ ಮುಗಿದಾಗ ಎಲ್ಲರಿಗೂ ಒಟ್ಟಿಗೆ ಲೆವೆಲ್.

ಆದಷ್ಟು ಆಟವನ್ನು ಛತ್ರದಲ್ಲೋ ಕ್ಯಾಂಪಿನಲ್ಲೋ ನಿಲ್ಲಿಸಿ. ಆಗ ಮುಂದಿನ ವಾರ ಯಾರು ತಪ್ಪಿಸಿಕೊಂಡರೂ "ಜ್ವರ, ಮಲಗಿದ್ದಾನೆ" ಅನ್ನಬಹುದು. ಗುರುವಾರವೇ ವಾಟ್ಸಾಪ್ ಪೋಲ್ ಹಾಕಿ. "ನೋಡೋಣ" ಒತ್ತಿದವರನ್ನು ಬರಲ್ಲ ಅಂತಲೇ ಹಿಡಿದು ಎರಡು ಗಾಬ್ಲಿನ್ ಕಡಿಮೆ ಇಡಿ. ಬಂದುಬಿಟ್ಟರೆ ಗುಹೆಯ ಹಿಂದಿನಿಂದ ಇನ್ನೆರಡು ಓಡಿ ಬರಲಿ.