ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಅಮ್ಮ

ಓದುಗರ ಪತ್ರ (ಸಂಕ್ಷೇಪಿಸಿದ್ದು): ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಅರವತ್ತೆಂಟರ ಅಮ್ಮನಿಗೆ ಕಷ್ಟವಾಗುತ್ತದೆಂದು, ಬೆಂಗಳೂರಿನಲ್ಲಿರುವ ನಾವು ಮಕ್ಕಳು ಒತ್ತಾಯ ಮಾಡಿ ಎರಡು ಹಸುಗಳನ್ನು ಮಾರಿಸಿದೆವು. ಆಮೇಲೆ ಅಮ್ಮನಿಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಮಾತೂ ಕಡಿಮೆ. ಶಿವಮೊಗ್ಗದ ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟು ಎರಡು ತಿಂಗಳಾಯಿತು. ಈಗ ಪ್ರಾಣಿಗಳ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುತ್ತಾರಂತೆ. ಇದರಲ್ಲಿ ನಿಜವೆಷ್ಟು? ಒಂದು ಲ್ಯಾಬ್ರಡಾರ್ ಮರಿ ತಂದುಕೊಡೋಣವೆಂದಿದ್ದೇವೆ. ಸಕ್ರೆಬೈಲು ಶಿಬಿರದ ಆನೆಗಳ ಹತ್ತಿರ ಕರೆದೊಯ್ದರೆ ಒಳ್ಳೆಯದೇ? ಪ್ರಾಣಿ ಬಂದ ಮೇಲೆ ಮಾತ್ರೆ ನಿಲ್ಲಿಸಬಹುದೇ? ಹೆಸರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ

ಸೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳ ಗುಣ ಕಾಣುವುದಕ್ಕೇ ಕೆಲವು ವಾರ ಹಿಡಿಯುತ್ತದೆ. ತಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ ಕಾಣಿಸಿಕೊಳ್ಳಬಹುದು, ಕಾಯಿಲೆ ಮರುಕಳಿಸಲೂಬಹುದು. ಎರಡು ತಿಂಗಳಾದರೂ ಊಟ ನಿದ್ದೆ ಸುಧಾರಿಸಿಲ್ಲವೆಂದರೆ ಆ ವೈದ್ಯರಿಗೇ ಹೇಳಿ. ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುವುದು ಅವರ ಕೆಲಸ. ಅಮ್ಮನ ಬಾಯಲ್ಲಿ ಎಂದಾದರೂ ‘ನಾನು ಇದ್ದೇನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ವಯಸ್ಸಾದವರ ಮಾತೆಂದು ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಪ್ರಾಣಿಯ ವಿಷಯ. ನಿಮ್ಮ ಪತ್ರದ ನಡುವೆ ಒಂದು ಸಾಲು ಇತ್ತು. ಸಂಜೆ ಐದಕ್ಕೆ ಅಮ್ಮ ಈಗಲೂ ದನಕ್ಕೆ ಕುಡಿಸುವ ಅಕ್ಕಚ್ಚಿನ ಬಕೆಟ್ ಹಿಡಿದು ಕೊಟ್ಟಿಗೆಯ ತನಕ ಹೋಗುತ್ತಾರೆ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಆಮೇಲೆ ಅದನ್ನು ತೆಂಗಿನ ಬುಡಕ್ಕೆ ಸುರಿದು ಬರುತ್ತಾರೆ ಎಂದು ಬರೆದಿದ್ದಿರಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಸಾಗರದ ಹತ್ತಿರ ನನ್ನ ಸೋದರತ್ತೆಯ ಮನೆ. ಮಾವ ತೀರಿಕೊಂಡಾಗ ಮೂರು ದಿನ ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕುಳಿತವರು ಎದ್ದಿರಲಿಲ್ಲ. ನಾವೆಲ್ಲ ಸುತ್ತ ಕುಳಿತು ಸಮಾಧಾನ ಹೇಳಿದ್ದೇ ಹೇಳಿದ್ದು. ನಾಲ್ಕನೆಯ ಬೆಳಿಗ್ಗೆ ಕೊಟ್ಟಿಗೆಯಿಂದ ಹಸು ಒಂದೇ ಸಮನೆ ಕೂಗತೊಡಗಿತು. ಕೆಚ್ಚಲು ಬಿಗಿದಿತ್ತು, ಅದು ಬೇರೆಯವರನ್ನು ಹತ್ತಿರ ಸೇರಿಸುವ ಜಾತಿಯದಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ನಾನು ಹಿಂದೆಯೇ ಹೋದೆ. ಅವರು ತಂಬಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಾಗ ಹಸು ಕತ್ತು ತಿರುಗಿಸಿ ಅವರ ಮೊಣಕೈಯನ್ನು ನೆಕ್ಕತೊಡಗಿತು, ಅರದಂಥ ಆ ನಾಲಿಗೆಯಿಂದ, ಚರ್ಮ ಕೆಂಪಾಗುವ ತನಕ. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಹಸುವಿನ ಪಕ್ಕೆಗೆ ಹಣೆ ಒತ್ತಿ, ಹಾಲು ಕರೆಯುತ್ತ ಕರೆಯುತ್ತ ಅತ್ತರು. ಅಲ್ಲಿಯ ತನಕ ಅವರು ಅತ್ತಿರಲೇ ಇಲ್ಲ.

ಇದನ್ನು ಚಿಕಿತ್ಸೆ ಎಂದು ಕರೆಯಲಾರೆ. ಚಿಕಿತ್ಸೆ ಎಂಬ ಮಾತಿಗೆ ಬೇರೆ ಅರ್ಥವಿದೆ. ತರಬೇತಾದ ಮನೋತಜ್ಞರೋ ಚಿಕಿತ್ಸಕರೋ ಒಂದು ಗುರಿ ಇಟ್ಟುಕೊಂಡು, ಸ್ವಭಾವ ಮತ್ತು ಆರೋಗ್ಯ ಪರೀಕ್ಷಿಸಿದ ಪ್ರಾಣಿಯನ್ನು ಜೊತೆಗಿರಿಸಿಕೊಂಡು, ಆದ ಬದಲಾವಣೆಯನ್ನು ಬರೆದಿಡುತ್ತ ನಡೆಸುವುದು ಪ್ರಾಣಿ ನೆರವಿನ ಚಿಕಿತ್ಸೆ. ಅದರ ಕಥೆ ಹಳೆಯದು. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ಆರಂಭವಾದ ಮಾನಸಿಕ ರೋಗಿಗಳ ಆಶ್ರಯಧಾಮದ ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟಿದ್ದರು. ಬೇರೆ ಕಡೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ ಅದು. ಅಮೆರಿಕದ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ಅವರ ಬಳಿಗೆ ಯಾರೊಂದಿಗೂ ಬೆರೆಯದ ಹುಡುಗನೊಬ್ಬನನ್ನು ಹೇಳಿದ ಹೊತ್ತಿಗಿಂತ ಮೊದಲೇ ಕರೆತಂದರಂತೆ. ಕೋಣೆಯಲ್ಲಿದ್ದ ಜಿಂಗಲ್ಸ್ ಎಂಬ ನಾಯಿ ಓಡಿಬಂದು ಹುಡುಗನನ್ನು ನೆಕ್ಕಿತು. ವೈದ್ಯರ ಕಡೆ ತಿರುಗಿಯೂ ನೋಡದವನು ನಾಯಿಯ ಜೊತೆ ಆಡತೊಡಗಿದ. ಲೆವಿನ್ಸನ್ 1962ರಲ್ಲಿ ಈ ಅನುಭವದ ಬಗ್ಗೆ ಬರೆದ ಮೇಲೆ ಶಾಸ್ತ್ರೀಯ ಅಧ್ಯಯನಕ್ಕೆ ದಾರಿಯಾಯಿತು.

ನಿಜವೆಷ್ಟು ಎಂದು ಕೇಳಿದ್ದೀರಿ. ಒಂದಷ್ಟು ನಿಜ ಖಂಡಿತ ಇದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ನಿಮಿಷ ನಾಯಿ ಬೆಕ್ಕುಗಳ ಮೈ ಸವರಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕಡಿಮೆಯಾಗಿತ್ತು. ಬೇರೆಯವರು ಸವರುವುದನ್ನು ನೋಡುತ್ತ ನಿಂತವರಲ್ಲಿ ಅಷ್ಟು ಇಳಿದಿರಲಿಲ್ಲ. ನಾಯಿ ಮತ್ತು ಒಡೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ತಾಯಿ ಮಗುವಿನ ನಂಟನ್ನು ಬೆಸೆಯುವ ಹಾರ್ಮೋನು ಅದು. ಆದರೆ ಮನೆಯಲ್ಲಿ ಪ್ರಾಣಿ ಸಾಕಿದ ಮಾತ್ರಕ್ಕೆ ಖಿನ್ನತೆ ಹೋಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ.

ನಿಮ್ಮ ಅಮ್ಮನ ಮಟ್ಟಿಗೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ನಾರ್ವೆಯ ಒಂದು ಸಣ್ಣ ಅಧ್ಯಯನ. 2011ರಲ್ಲಿ ಪ್ರಕಟವಾಯಿತು. ಖಿನ್ನತೆಯಿಂದ ಬಳಲುವ ಕೆಲವರನ್ನು ಹನ್ನೆರಡು ವಾರ ಹೈನು ಕೊಟ್ಟಿಗೆಗಳಿಗೆ ಕಳುಹಿಸಿ, ಅವರು ಅಲ್ಲಿ ಏನು ಮಾಡುತ್ತಾರೆಂದು ವಿಡಿಯೊ ತೆಗೆದು ನೋಡಿದರು. ಹಾಲು ಕರೆಯುವಂಥ ಕೆಲಸಕ್ಕೆ ಕೈ ಹಾಕಿ, ಅದರಲ್ಲಿ ದಿನದಿಂದ ದಿನಕ್ಕೆ ಕೈ ಪಳಗಿದವರಲ್ಲಿ ಆತಂಕ, ಖಿನ್ನತೆ ಹೆಚ್ಚು ಇಳಿದಿತ್ತು. ಸುಮ್ಮನೆ ನಿಂತು ನೋಡುತ್ತಿದ್ದವರಿಗೆ ಅಂಥ ಲಾಭವಾಗಲಿಲ್ಲ. ಮನೋವೈದ್ಯರೂ ಖಿನ್ನತೆಗೆ ಹೇಳುವ ಒಂದು ವಿಧಾನ ಇದಕ್ಕೆ ಹತ್ತಿರದ್ದು: ಮನಸ್ಸು ಸರಿಹೋದ ಮೇಲೆ ಏಳುತ್ತೇನೆಂದು ಕಾಯದೆ, ಮೊದಲು ಎದ್ದು ಒಂದು ಸಣ್ಣ ಕೆಲಸ ಮಾಡುವುದು, ಮನಸ್ಸು ನಿಧಾನವಾಗಿ ಹಿಂಬಾಲಿಸುವುದು. ಹಸು ಇದನ್ನು ದಿನಕ್ಕೆ ಎರಡು ಹೊತ್ತು ಮಾಡಿಸುತ್ತದೆ, ಜ್ವರ ಬಂದರೂ ಮಳೆ ಹೊಯ್ದರೂ ಬಿಡುವುದಿಲ್ಲ.

ನಿಮಗೆ ನೋವಾಗಬಹುದು, ಆದರೂ ಹೇಳಬೇಕು. ಹಸು ಮಾರಿಸಿದಾಗ ಅಮ್ಮನ ಭಾರ ಇಳಿಸಿದೆವೆಂದು ನೀವು ತಿಳಿದಿರಿ. ಅವರಿಗೆ ಇಳಿದಿದ್ದು ಅಪ್ಪನ ನಂತರವೂ ತನಗಾಗಿ ಕಾಯುತ್ತಿದ್ದ ಎರಡು ಜೀವ. ಪ್ರೀತಿಯಿಂದಲೇ ಮಾಡಿದಿರಿ, ತಪ್ಪು ಹೊರಿಸುತ್ತಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಇದೇ ನಡೆಯುತ್ತಿದೆ.

ಲ್ಯಾಬ್ರಡಾರ್ ಮರಿ ಬೇಡ. ಮರಿಯೆಂದರೆ ವರ್ಷಗಟ್ಟಲೆ ಜಿಗಿತ, ಎಳೆದಾಟ. ಪಾಚಿಗಟ್ಟಿದ ಅಂಗಳದಲ್ಲಿ ಕಾಲಿಗೆ ಅಡ್ಡ ಬಂದು ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಇರುವ ಧೈರ್ಯವೂ ಹೋಗುತ್ತದೆ. ಮಳೆಗಾಲದ ಇಂಬಳದ (ಜಿಗಣೆಯ) ಕಾಟ ಒಂದು ಕಡೆ. ಕಾಡಂಚಿನ ಒಂಟಿಮನೆಯ ಅಂಗಳದಿಂದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ನಿಮಗೇ ಗೊತ್ತಿರುವ ಸಂಗತಿ. ಇನ್ನೊಂದು ಸಾವನ್ನು ಆ ಮನೆಗೆ ತರುವುದು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ನಾಯಿ ಬೇಕೇ ಎಂದು ಅಮ್ಮನನ್ನು ಕೇಳಿದ ಸುಳಿವು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ.

ನಾಯಿಯ ಕಡೆಯಿಂದಲೂ ಯೋಚಿಸಬೇಕು. ಶಿವಮೊಗ್ಗದ ವೃದ್ಧಾಶ್ರಮವೊಂದಕ್ಕೆ ಯಾರೋ ಒಳ್ಳೆಯ ಮನಸ್ಸಿನಿಂದ ನಾಯಿಯನ್ನು ಕರೆತಂದಿದ್ದ ದಿನ ನಾನೂ ಅಲ್ಲಿದ್ದೆ. ಮೊದಲ ಹತ್ತು ನಿಮಿಷ ಚೆಂದವಿತ್ತು. ಬಾಯಿ ಬಿಡದ ಅಜ್ಜಿಯೊಬ್ಬರು ಅದರ ಕಿವಿ ಹಿಡಿದು ‘ನಮ್ಮನೆ ಕರಿಯನ ಹಾಗೇ ಇದೆ’ ಎಂದರು. ಆಮೇಲೆ ಮೂವತ್ತು ಕೈಗಳು ಒಟ್ಟಿಗೆ ಮೈಮೇಲೆ ಬಿದ್ದವು. ನಾಯಿ ಮತ್ತೆ ಮತ್ತೆ ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಬಾಲ ಒಳಕ್ಕೆಳೆದು ಮುಖ ಗೋಡೆಯ ಕಡೆ ತಿರುಗಿಸಿತು. ಸಾಕು ಎಂದು ಅದು ಹೇಳುವ ರೀತಿ ಅದು. ಯಾರೂ ಗಮನಿಸಲಿಲ್ಲ, ಒಂದು ಗಂಟೆ ಹಾಗೆಯೇ ನಡೆಯಿತು. ಪ್ರಾಣಿಗೆ ಎದ್ದು ಹೋಗುವ ಅವಕಾಶವಿಲ್ಲದ ಕಡೆ ಚಿಕಿತ್ಸೆ ಎಂಬ ಹೆಸರು ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಸಕ್ರೆಬೈಲಿಗೆ ಕರೆದುಕೊಂಡು ಹೋಗಿ, ಆದರೆ ಅಮ್ಮನಿಗೆ ಒಂದು ಬೆಳಗಿನ ತಿರುಗಾಟವಾಗಲಿ ಎಂದು ಮಾತ್ರ. ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನವನ್ನು ದಡದಿಂದ ನೋಡಲಿ. ಶಿಬಿರದಲ್ಲಿ ಪಳಗಿದ್ದರೂ ಆನೆ ಕಾಡಿನ ಜೀವ, ಚಿಕಿತ್ಸೆಯ ಪ್ರಾಣಿಯಲ್ಲ.

ಹಾಗಾದರೆ ಏನು ಮಾಡಬೇಕು? ಗದ್ದೆಯಾಚೆಯ ಮನೆಯವರು ಮೂರು ಮಲೆನಾಡು ಗಿಡ್ಡ ತಳಿಯ ದನ ಸಾಕಿದ್ದಾರೆಂದು ಬರೆದಿದ್ದೀರಿ. ಅವರನ್ನು ಕೇಳಿ ನೋಡಿ. ಗಬ್ಬವಿಲ್ಲದ, ಸಾಧುವಾದ ಒಂದು ಕಡಸು (ಇನ್ನೂ ಕರು ಹಾಕದ ಎಳೆಯ ಹಸು) ಹಗಲು ಹೊತ್ತು ನಿಮ್ಮ ಕೊಟ್ಟಿಗೆಯಲ್ಲಿರಲಿ. ಅಕ್ಕಚ್ಚು ಕೊಡುವುದು, ಮೈ ತಿಕ್ಕುವುದು ಅಮ್ಮನದು. ಸಗಣಿ ಬಾಚುವುದು, ಹುಲ್ಲು ಹೊರುವುದು, ಪಶುವೈದ್ಯರನ್ನು ಕರೆಸುವುದು ಆ ನೆರೆಯವರದು, ಅದರ ಖರ್ಚು ನಿಮ್ಮದು. ಗಿಡ್ಡ ಆಳೆತ್ತರದ ಹಸುವಲ್ಲ, ಎಳೆದರೆ ಅಮ್ಮ ಬೀಳುವ ಭಯ ಕಡಿಮೆ. ದಿನಕ್ಕೆ ಎರಡು ಸಲ ಹಗ್ಗ ಹಿಡಿದುಕೊಂಡು ಒಬ್ಬ ಮನುಷ್ಯ ಮನೆಗೆ ಬಂದುಹೋಗುತ್ತಾನಲ್ಲ, ಅದೂ ಅಮ್ಮನಿಗೆ ಬೇಕಾದದ್ದೇ. ಒಂದು ತಿಂಗಳು ನೋಡಿ. ಅಮ್ಮನಿಗೆ ಬೇಡವೆನಿಸಿದರೆ ಕಡಸು ತನ್ನ ಮನೆಗೆ ಹೋಗುತ್ತದೆ, ಮಾರುವ ಪ್ರಸಂಗ ಬರುವುದಿಲ್ಲ. ಮನೋವೈದ್ಯರಿಗೂ ಈ ಏರ್ಪಾಟನ್ನು ತಿಳಿಸಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಲಗೋಡು ಸೀಮೆ ಅದರಿಂದ ಪಟ್ಟ ಪಾಡನ್ನು ಈ ಜಿಲ್ಲೆ ಮರೆತಿಲ್ಲ. ರೋಗ ಹರಡುವ ಉಣುಗು (ಉಣ್ಣೆಹುಳ) ಕಾಡಿಗೆ ಮೇಯಲು ಹೋದ ದನದ ಮೈಮೇಲೆ, ಗುಡಿಸಿ ತಂದ ದರಕಿನೊಳಗೆ (ಒಣ ಎಲೆಯೊಳಗೆ) ಮನೆಗೆ ಬರುತ್ತದೆ. ಚಳಿಗಾಲ ಶುರುವಾದಲ್ಲಿಂದ ಮಳೆ ಬೀಳುವ ತನಕ ಆ ಕಡಸನ್ನು ಕಾಡಿಗೆ ಬಿಡುವುದು ಬೇಡ, ಕೊಟ್ಟಿಗೆಗೆ ದರಕು ಹಾಸುವುದೂ ಬೇಡ. ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಹಚ್ಚಿಸಿ, ಅಮ್ಮನ ಕೈಕಾಲಿಗೆ ಹಚ್ಚುವ ತೈಲವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಜ್ವರ ಬಂದರೆ ಒಂದು ದಿನವೂ ಕಾಯಬೇಡಿ.

ದೊಡ್ಡ ಹಬ್ಬಕ್ಕೆ, ಅಂದರೆ ದೀಪಾವಳಿಗೆ, ಊರಿಗೆ ಹೋಗುತ್ತೇನೆಂದು ಬರೆದಿದ್ದೀರಿ. ನಾಲ್ಕು ದಿನ ಮೊದಲೇ ಹೋಗಿ. ಗೋಪೂಜೆಗೆ ಅಡಿಕೆ, ಪಚ್ಚೆತೆನೆ ಪೋಣಿಸಿ ಮಾಲೆ ಕಟ್ಟುವ ಕೆಲಸ ಅಮ್ಮನದೇ ಇದ್ದಿರಬೇಕು. ಗದ್ದೆಯಾಚೆ ಮನೆಯ ದನಗಳಿಗೆ ಈ ವರ್ಷ ಮಾಲೆ ಕಟ್ಟಿಕೊಡುತ್ತೀಯಾ ಅಮ್ಮ ಎಂದು ಕೇಳಿ, ಜೊತೆಗೆ ಕುಳಿತು ನೀವೂ ದಾರ ಹಿಡಿಯಿರಿ. ಕಡಸಿನ ಮಾತನ್ನು ಆಗ ತೆಗೆಯಿರಿ. ಅವರು ಏನೆಂದರು ಎಂಬುದನ್ನು ನನಗೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.